ಟ್ಯೂಬಿಂಗನ್‌ನ ಅಜ್ಜಿಗೆ

ಅಜ್ಜಿ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜರ್ಮನ್ ಪಾದ್ರಿ ಕಿಟ್ಟೆಲ್ ಬರೆದ ಕನ್ನಡ-ಇಂಗ್ಲಿಷ್ ನಿಘಂಟಿನ ಮೇಲೆ ಸಂಶೋಧನೆ ಮಾಡುವವಳು ನಾನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದಪ್ಪ ಪುಸ್ತಕ ನನ್ನ ಮೇಜಿನ ಮೇಲೆ ದಿನಾ ತೆರೆದೇ ಇರುತ್ತದೆ. ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಆ ಊರನ್ನು ಕಣ್ಣಾರೆ ನೋಡಬೇಕು ಅಂತ ಹೋದೆ. ಮುಟ್ಟಿದ್ದು ಡಿಸೆಂಬರ್ 24ಕ್ಕೆ. ಮಧ್ಯಾಹ್ನವೇ ಅಂಗಡಿಗಳು ಬಾಗಿಲು ಹಾಕಿದವು. ಮುಂದಿನ ಎರಡು ದಿನವೂ ರಜೆ. ಬಾಡಿಗೆ ರೂಮಿನ ಕೀಲಿ ಇಟ್ಟ ಡಬ್ಬಿ ತೆಗೆಯಲು ಬರಲಿಲ್ಲ, ಮಾಲೀಕರು ಫೋನ್ ಎತ್ತಲಿಲ್ಲ. ಐದಕ್ಕೆಲ್ಲ ಗಾಢ ಕತ್ತಲು. ಚಳಿಗೆ ಬೆರಳು ಮಡಚಲೂ ಆಗುತ್ತಿರಲಿಲ್ಲ.

ಆಗ ಪಕ್ಕದ ಬಾಗಿಲು ತೆರೆದು ನೀವು ಬಂದಿರಿ. ನನ್ನದು ಪುಸ್ತಕದ ಜರ್ಮನ್, ನಿಮ್ಮದು ಆ ಸೀಮೆಯ ಆಡುಮಾತು ಶ್ವಾಬಿಯನ್. ಆದರೂ ಎಲ್ಲ ಅರ್ಥವಾಯಿತು ಅಲ್ವಾ? ಹಬ್ಬದ ರಾತ್ರಿ ನಿಮ್ಮಲ್ಲಿ ಸಾಸೇಜ್ ಮತ್ತು ಆಲೂಗೆಡ್ಡೆ ಸಲಾಡ್. ನಾನು ಮಾಂಸ ತಿನ್ನುವುದಿಲ್ಲ ಎಂದೆ. ಸಲಾಡ್‌ಗೂ ಮಾಂಸದ ಸಾರು ಹಾಕಿದೆ ಅಂತ ನೀವೇ ತಟ್ಟೆ ಹಿಂದೆ ತೆಗೆದುಕೊಂಡು, ನನಗೋಸ್ಕರ ಬೇರೆ ಆಲೂಗೆಡ್ಡೆ ಬೇಯಲು ಇಟ್ಟಿರಿ. ಅದು ಬೇಯುವಷ್ಟು ಹೊತ್ತೂ ಮಾಲೀಕರಿಗೆ ಮತ್ತೆ ಮತ್ತೆ ಫೋನ್ ಮಾಡಿದಿರಿ. ರಾತ್ರಿ ಹತ್ತಕ್ಕೆ ಬಾಗಿಲು ತೆರೆಯಿತು.

ನಿಮ್ಮ ಬೂದು ಬಣ್ಣದ ಉಣ್ಣೆಯ ಕೈಗವಸು ನನ್ನ ಹತ್ತಿರವೇ ಇದೆ. ಎಡ ಹೆಬ್ಬೆರಳಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದೀರಿ, ಅದೇ. ತುಂಬಾ ಥ್ಯಾಂಕ್ಸ್ ಅಜ್ಜಿ.