ಎಂಟು ಕಲೆಯ ವ್ಯತ್ಯಾಸ

ಪ್ರಿಯ ಗೆಳೆಯ,

ಧರ್ಮವನ್ನೂ ಮಾಟಮಂತ್ರವನ್ನೂ ಹೊರಗೆ ಅಟ್ಟಿದ ಮೇಲೆಯೇ ವಿಜ್ಞಾನ ಹುಟ್ಟಿತು ಎಂದು ಮೊನ್ನೆ ಕಾಫಿ ಆರುವವರೆಗೂ ವಾದಿಸಿದೆಯಲ್ಲ, ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಕೆಪ್ಲರ್ ನೆನಪಾದ.

ಗ್ರಹಗಳ ಚಲನೆಯ ನಿಯಮ ಕೊಟ್ಟ ಅದೇ ಯೋಹಾನೆಸ್ ಕೆಪ್ಲರ್. ಆಸ್ಟ್ರಿಯಾದ ಗ್ರಾಜ್ ಪಟ್ಟಣದ ಅವನ ಮೊದಲ ನೌಕರಿಯಲ್ಲಿ ಗಣಿತದ ಪಾಠದ ಜೊತೆಗೆ ಪಂಚಾಂಗ ಬರೆಯುವ ಕೆಲಸವೂ ಇತ್ತು. 1595ನೆಯ ವರ್ಷದ ಫಲದಲ್ಲಿ ಕೊರೆಯುವ ಚಳಿ, ತುರ್ಕರ ದಾಳಿ ಎಂದು ಬರೆದ; ಎರಡೂ ನಡೆದುಬಿಟ್ಟವು! ಹೆಸರು ಬಂತು. ಆ ವಿದ್ಯೆಯ ಮೇಲೆ ಅವನಿಗೆ ಮಾತ್ರ ಅರ್ಧ ನಂಬಿಕೆ, ಅರ್ಧ ತಾತ್ಸಾರ.

ವಿಶ್ವವನ್ನು ಅವನು ಕಂಡದ್ದೂ ಕ್ರೈಸ್ತರ ತ್ರಿಯೇಕ ದೇವರ ರೂಪದಲ್ಲಿ. ನಡುವಿನ ಸೂರ್ಯ ತಂದೆ, ನಕ್ಷತ್ರಗಳ ಗೋಳ ಮಗ, ಮಧ್ಯದ ಆಕಾಶ ಪವಿತ್ರಾತ್ಮ. ಗ್ರಹಗಳನ್ನು ಓಡಿಸುವ ಬಲ ಸೂರ್ಯನಿಂದಲೇ ಹೊರಡುತ್ತದೆ ಎಂದು ಹುಡುಕಹೊರಟದ್ದು ಇದೇ ನಂಬಿಕೆಯ ಬೆನ್ನು ಹತ್ತಿ.

ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಬಿಟ್ಟುಹೋಗಿದ್ದ ಮಂಗಳನ ಅಳತೆಗಳನ್ನು, ಗ್ರಹ ವೃತ್ತದಲ್ಲಿ ಸುತ್ತುತ್ತದೆ ಎಂಬ ತನ್ನ ಲೆಕ್ಕದೊಡನೆ ತಾಳೆ ನೋಡಿದಾಗ ಎಂಟು ಕಲೆ ವ್ಯತ್ಯಾಸ ಬಂತು; ಕಲೆ ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ, ಅಷ್ಟೇ. ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಟೈಕೋನಂಥ ಶ್ರದ್ಧೆಯ ವೀಕ್ಷಕನನ್ನು ದೇವರು ದಯಪಾಲಿಸಿರುವಾಗ ಆ ವರವನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು ಎಂದು ಕೆಪ್ಲರ್ ಬರೆದ. ಲೆಕ್ಕವನ್ನು ಹೇಗೋ ಸರಿದೂಗಿಸಿ ಕೈತೊಳೆದುಕೊಳ್ಳಲು ಅವನ ಭಕ್ತಿಯೇ ಬಿಡಲಿಲ್ಲ. ವೃತ್ತ ಹೋಯಿತು, 1609ರ ಪುಸ್ತಕದಲ್ಲಿ ದೀರ್ಘವೃತ್ತ ಬಂತು.

ನಿನ್ನ ಸಿಟ್ಟಿಗೂ ಕಾರಣವಿದೆ, ಇಲ್ಲ ಎನ್ನುವುದಿಲ್ಲ. ಅವನ ತಾಯಿ ಕಾತರೀನಾ ಮೂಲಿಕೆಯ ಮದ್ದು ಕೊಡುತ್ತಿದ್ದ ಮುದುಕಿ. ಆಕೆ ಕೊಟ್ಟದ್ದನ್ನು ಕುಡಿದು ಕಾಯಿಲೆ ಬಿದ್ದೆನೆಂದು ಊರಿನ ಹೆಂಗಸೊಬ್ಬಳು ದೂರಿದಳು. 1615ರಿಂದ ಮಾಟಗಾತಿಯೆಂಬ ಆರೋಪ ಬೆನ್ನು ಹತ್ತಿತು. 1620ರಲ್ಲಿ ಬಂಧಿಸಿ, ಹದಿನಾಲ್ಕು ತಿಂಗಳು ಸಂಕೋಲೆಯಲ್ಲಿಟ್ಟು, ಕೊನೆಗೆ ಚಿತ್ರಹಿಂಸೆಯ ಸಲಕರಣೆಗಳನ್ನು ಮುಂದಿಟ್ಟು ಹೆದರಿಸಿದರು. ಎಪ್ಪತ್ತು ದಾಟಿದ ಆಕೆ ಒಪ್ಪಿಕೊಳ್ಳಲಿಲ್ಲ. ಮಗ ಲಿಂಜ್‌ನಿಂದ ಬಂದು, ಆ ಕಾಯಿಲೆಗಳಿಗೆಲ್ಲ ಸಹಜ ಕಾರಣಗಳನ್ನು ತೋರಿಸುತ್ತ ವಾದ ಹೂಡಿದ. 1621ರಲ್ಲಿ ಬಿಡುಗಡೆಯಾಯಿತು, ಮರುವರ್ಷ ಆಕೆ ತೀರಿಕೊಂಡಳು. ಈ ಗೋಳಿನ ನಡುವೆಯೇ, 1618ರಲ್ಲಿ, ಅವನಿಗೆ ಮೂರನೆಯ ನಿಯಮ ಸಿಕ್ಕಿತ್ತು.

ಒಂದು ವಿಷಯ ಮಾತ್ರ ನನ್ನನ್ನು ಇನ್ನೂ ಕಾಡುತ್ತಿದೆ. ಮಾಟಗಾತಿಯರೇ ಇಲ್ಲ ಎಂದು ಅವನು ವಾದಿಸಲಿಲ್ಲ. ತನ್ನ ತಾಯಿ ಮಾಟಗಾತಿಯಲ್ಲ ಎಂದಷ್ಟೇ ವಾದಿಸಿದ.

ಭಾನುವಾರ ಬಾ. ನ್ಯೂಟನ್ನನ ರಸವಿದ್ಯೆಯ ಕಡತಗಳ ಮೇಲೂ ಜಗಳವಾಡುವುದಿದೆ. ಈ ಸಲ ಕಾಫಿಯನ್ನು ಮೊದಲು ಕುಡಿದುಬಿಡೋಣ.

ನಿನ್ನ ಗೆಳೆಯ