ಮೈಸೂರಲ್ಲಿ ದೊಡ್ಡಮ್ಮನ ಮನೆ ಇಲ್ಲದ ಮಕ್ಕಳು ಬೇಸಿಗೇಲಿ ಎಲ್ಲಿಗೆ ಹೋಗ್ಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ರಜೆ ಹತ್ರ ಬಂತು. ಮೈಸೂರಲ್ಲಿ ಎಲ್ಲಿ ನೋಡಿದ್ರೂ ಮಕ್ಕಳ ಶಿಬಿರದ ಬೋರ್ಡು, ರಂಗಾಯಣ ನಾಟಕ ಸಂಸ್ಥೆಯವರು ಮಾಡೋ ಚಿನ್ನರ ಮೇಳ ಅನ್ನೋ ಶಿಬಿರದ ಅರ್ಜಿ ಯಾವಾಗ ಕೊಡ್ತಾರಂತೆ ಅಂತ ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳೋದೂ ಶುರುವಾಗಿದೆ. ಇಂಥ ಕಲಾ ಶಿಬಿರ ನಮ್ಮ ಮಂಡ್ಯ ಜಿಲ್ಲೆಯಲ್ಲಿ ತಾಲ್ಲೂಕಿಗೆ ಒಂದಾದ್ರೂ, ಆಗೋದಾದ್ರೆ ಹೋಬಳಿಗೊಂದು, ಸರ್ಕಾರಿ ಶಾಲೆಯೊಳಗೇ ಪುಕ್ಕಟೆ ನಡೀಬೇಕು ಅಂತ ಕೇಳಕ್ಕೆ ಈ ಪತ್ರ.

ನಾವಿರೋದು ಪಾಂಡವಪುರದ ಹತ್ರ ಒಂದು ಹಳ್ಳಿ. ಹೋದ ವರ್ಷ ನನ್ನ ಮಗನ್ನ ಮೈಸೂರಿನ ಒಂದು ಶಿಬಿರಕ್ಕೆ ಸೇರಿಸಿದ್ವಿ, ಕುವೆಂಪುನಗರದಲ್ಲಿ ನಮ್ಮಕ್ಕನ ಮನೆ ಇದೆ, ಅಲ್ಲಿದ್ಕೊಂಡು ಹೋಗ್ತಿದ್ದ. ಅಲ್ಲಿ ಏನು ಕಲಿಸ್ತಾರೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ, ಹಾಡು ಡ್ಯಾನ್ಸು ಇರುತ್ತೆ ಅಂತ ಅಷ್ಟೇ ಅಂದ್ಕೊಂಡಿದ್ದೆ. ಬಸ್ಸಿಗೆ ಶಕ್ತಿ ಯೋಜನೆ ಇರೋದ್ರಿಂದ ನಾನೂ ಆಗಾಗ ಹೋಗಿ ಮರದ ಕೆಳಗೆ ಕೂತು ನೋಡ್ತಿದ್ದೆ. ಬೆಳಿಗ್ಗೆ ಎಲ್ಲರೂ ರೌಂಡಾಗಿ ನಿಂತು ಹಾಡು, ಆಮೇಲೆ ಆಟ, ಆಮೇಲೆ ಗುಂಪು ಗುಂಪಾಗಿ ಒಬ್ಬರು ಮಣ್ಣಿನ ಕೆಲಸಕ್ಕೆ, ಒಬ್ಬರು ಚಿತ್ರಕ್ಕೆ, ಒಬ್ಬರು ಕಂಸಾಳೆ ಕುಣಿತಕ್ಕೆ.

ಮುಖವಾಡ ಮಾಡೋದನ್ನ ನೋಡ್ಬೇಕಿತ್ತು ನೀವು. ಜೇಡಿಮಣ್ಣಲ್ಲಿ ಒಂದು ಮುಖ ಮಾಡಿ, ಅದರ ಮೇಲೆ ಹಳೇ ಪೇಪರ್ ಚೂರುಗಳನ್ನ ಮೈದಾ ಗಂಜಿ ಹಚ್ಚಿ ಪದರ ಪದರವಾಗಿ ಅಂಟಿಸಿ ಬಿಸಿಲಿಗೆ ಇಡ್ತಾರೆ, ಪೂರ್ತಿ ಒಣಗಿದ ಮೇಲೆ ಮಣ್ಣು ಬಿಡಿಸಿ ಬಣ್ಣ ಹಚ್ಚೋದು. ಬೇಗ ಆಗ್ಲಿ ಅಂತ ಒಂದೇ ಸಲಕ್ಕೆ ದಪ್ಪಗೆ ಅಂಟಿಸಿದ ಮಕ್ಕಳದ್ದು ಒಳಗೆ ಹಸಿ ಉಳಿದು ಬೂಷ್ಟು ಹಿಡೀತು, ಅವರು ಮತ್ತೆ ಮೊದಲಿಂದ ಮಾಡಿದ್ರು, ಯಾರೂ ಬೈಲಿಲ್ಲ, ಮಾರ್ಕ್ಸ್ ಕಳೀಲಿಲ್ಲ. ಕಂಸಾಳೇಲಂತೂ ಎಡಗೈಲಿ ಬಟ್ಟಲಿನಂಥ ತಾಳ, ಬಲಗೈಲಿ ದಾರಕ್ಕೆ ಕಟ್ಟಿದ ಇನ್ನೊಂದು, ಅದನ್ನ ಬೀಸಿ ಹೊಡೀಬೇಕು, ಪಕ್ಕದೋನ ಮೇಲೆ ಗಮನ ಇಲ್ಲದಿದ್ರೆ ಅವನ ತಲೆಗೇ ಬೀಳುತ್ತೆ. ಅದಕ್ಕೇ ಮೇಷ್ಟ್ರು ಮೊದಲು ತೆಂಗಿನ ಚಿಪ್ಪಲ್ಲಿ ಅಭ್ಯಾಸ ಮಾಡಿಸಿದ್ರು, ಕಂಚು ಕೈಗೆ ಕೊಟ್ಟಿದ್ದು ಆಮೇಲೆ.

ನಾಟಕದಲ್ಲಿ ನನ್ನ ಮಗ "ಎಲ್ಲಿಗೋಯ್ತಿದ್ದೀರಣ್ಣೋ" ಅಂದ ತಕ್ಷಣ ಸಿಟಿ ಮಕ್ಕಳು ನಕ್ಕುಬಿಟ್ರು. ಅವನ ಮುಖ ಚಿಕ್ಕದಾಯ್ತು, ನನಗೂ ಹೊಟ್ಟೇಲಿ ಸಂಕಟ. ನಾಟಕದ ಮೇಡಂ ಏನೂ ಉಪದೇಶ ಮಾಡಲಿಲ್ಲ, "ನಿನ್ನ ಪಾತ್ರ ಪೂರ್ತಿ ಹಿಂಗೇ ಮಾತಾಡ್ಲಿ ಕಣೋ, ಮಿಕ್ಕಿದೋರಿಗೂ ಹೇಳಿಕೊಡು" ಅಂದ್ರು. ವಾರದೊಳಗೆ ನಕ್ಕಿದ್ದ ಮಕ್ಕಳೇ ಇವನ ಹಿಂದೆ ಬಿದ್ದು ಮಾತು ಕಲೀತಿದ್ರು. ಇದನ್ನ ಶಾಲೆ ಪಾಠದಲ್ಲಿ ಎಲ್ಲಿ ಕಲಿಸ್ತಾರೆ ಹೇಳಿ.

ಆದ್ರೆ ನಮ್ಮ ಬೀದೀಲೇ ನನ್ನ ಮಗನಿಗಿಂತ ಚೆನ್ನಾಗಿ ಹಾಡೋ ಹೆಣ್ಣುಮಗು ಇದೆ, ಅವರಪ್ಪ ಅಮ್ಮ ಕೂಲಿಗೆ ಹೋಗ್ತಾರೆ. ಅದಕ್ಕೆ ಮೈಸೂರಲ್ಲಿ ಯಾವ ದೊಡ್ಡಮ್ಮನ ಮನೆ ಇದೆ? ಫೀಸು ಯಾರು ಕಟ್ತಾರೆ, ದಿನಾ ಯಾರು ಕರ್ಕೊಂಡು ಹೋಗಿ ಬರ್ತಾರೆ? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಹಳ್ಳಿ ಮಕ್ಕಳಿಗೆ ಒಂದೋ ಮೊಬೈಲು, ಇಲ್ಲಾಂದ್ರೆ ನಾಲೆ. ರಜೆ ಬಂತು ಅಂದ್ರೆ ಈಜಕ್ಕೆ ಹೋಗಿ ನಾಲೆಗೋ ನದಿಗೋ ಸಿಕ್ಕಿ ಹೋದ ಮಕ್ಕಳ ಸುದ್ದಿ ನಿಮ್ಮ ಪೇಪರಲ್ಲೇ ಓದ್ತೀವಿ, ಓದಿ ಆ ದಿನ ಊಟ ಸೇರಲ್ಲ.

ಇದಕ್ಕೆ ಹೊಸದಾಗಿ ಕಟ್ಟಡ ಕಟ್ಟೋ ಅಗತ್ಯ ಇಲ್ಲ ಸಾರ್. ಶಾಲೆ ಇದೆ, ಬೀಗ ಹಾಕಿದೆ. ಬಿಸಿಯೂಟದ ಅಡುಗೆ ಮನೆ, ಪಾತ್ರೆ ಎಲ್ಲ ಇದೆ. ರಜೇಲಿ ಶಾಲೆ ತೆಗೆಯಕ್ಕಾಗಲ್ಲ ಅನ್ನೋ ಹಾಗಿಲ್ಲ, 2024ರ ಬೇಸಿಗೇಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟಿದ್ದಾರೆ. ಕಲಿಸೋರೂ ಇದ್ದಾರೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲೇ ಈಗ ರಂಗಶಿಕ್ಷಣದ ಡಿಪ್ಲೊಮಾ ಇದೆ, ಹೆಗ್ಗೋಡಿನ ನೀನಾಸಂ ನಾಟಕ ಶಾಲೆ ಇದೆ, ಅಲ್ಲಿ ಕಲಿತು ಬಂದ ಹುಡುಗ ಹುಡುಗೀರು ಕೆಲಸಕ್ಕೆ ಹುಡುಕಾಡ್ತಾ ಇರ್ತಾರೆ, ಅವರಿಗೆ ಒಂದು ತಿಂಗಳ ಗೌರವಧನ ಕೊಟ್ಟು ಕಳಿಸಿ. ನಮ್ಮ ಜಿಲ್ಲೆಯ ಪೂಜಾ ಕುಣಿತದೋರು, ಸೋಬಾನೆ ಪದ ಹೇಳೋ ಅಜ್ಜಿಯರು ಇದ್ದಾರೆ, ಅವರನ್ನೂ ಕರೀಬೇಕು. ಒಂದು ವಿಷಯ ಮಾತ್ರ ನೆನಪಿರಲಿ, ಯುಗಾದಿ ಆದ್ಮೇಲೆ ಊರೂರಲ್ಲಿ ಹಬ್ಬ ಜಾತ್ರೆ, ಕುಣಿತದೋರಿಗೆ ರಾತ್ರಿ ಬಿಡುವೇ ಇರಲ್ಲ, ಯಾವ ದಿನ ಆಗುತ್ತೆ ಅಂತ ಅವರನ್ನ ಕೇಳ್ಕೊಂಡೇ ಟೈಮ್ ಟೇಬಲ್ ಹಾಕಬೇಕು, ಆಫೀಸಲ್ಲಿ ಕೂತು ಹಾಕಿದ್ರೆ ಯಾರೂ ಬರಲ್ಲ.

ಗ್ರಾಮ ಪಂಚಾಯ್ತಿಯ ಲೈಬ್ರರಿಗಳಲ್ಲಿ, ಅಂದ್ರೆ ಅರಿವು ಕೇಂದ್ರಗಳಲ್ಲಿ, ಈಗೀಗ ಬೇಸಿಗೆ ಶಿಬಿರ ಮಾಡ್ತಿದ್ದಾರೆ, ಖಂಡಿತ ಒಳ್ಳೇ ಕೆಲಸ, ಲೈಬ್ರರಿ ನೋಡ್ಕೊಳ್ಳೋರು ತಮ್ಮ ಕೈಲಾದಷ್ಟು ಕಷ್ಟಪಡ್ತಾರೆ. ಆದ್ರೆ ಅವರೊಬ್ಬರೇ ಕಥೆನೂ ಹೇಳಿ ಚಿತ್ರನೂ ಬರೆಸಿ ನಾಟಕನೂ ಆಡಿಸಕ್ಕೆ ಆಗಲ್ಲ, ಅವರ ಜೊತೆಗೆ ಒಬ್ಬ ಕಲಾವಿದ ಬೇಕೇ ಬೇಕು.

ಇನ್ನೊಂದು ಮಾತು, ಕೊನೇ ದಿನದ ಶೋ ಬಗ್ಗೆ. ಮಕ್ಕಳು ಮೇಕಪ್ ಹಾಕ್ಕೊಂಡು ಸೆಕೇಲಿ ಕಾಯ್ತಿರ್ತಾವೆ, ವೇದಿಕೆ ಮೇಲೆ ಭಾಷಣ ಮುಗಿಯಲ್ಲ. ನಾವು ಪೋಷಕರೂ ಅಷ್ಟೇ, ಮೊಬೈಲ್ ಎತ್ಕೊಂಡು ಮುಂದೆ ನಿಂತು ಹಿಂದಿನೋರಿಗೆ ಕಾಣದ ಹಾಗೆ ಮಾಡ್ತೀವಿ. ಮಗು ಕಲಿಯೋದು ಅಷ್ಟು ದಿನದ ರಿಹರ್ಸಲಲ್ಲಿ. ಹಳ್ಳಿ ಶಿಬಿರದಲ್ಲಿ ಶಾಮಿಯಾನ, ಹಾರ ತುರಾಯಿ ಖರ್ಚು ಬೇಡ, ಆ ದುಡ್ಡಲ್ಲಿ ಬಣ್ಣ ಪೇಪರ್ ತಂದು, ಸಂಜೆ ಅರಳಿಕಟ್ಟೆ ಹತ್ರ ಆಡಿಸಿದ್ರೆ ಊರೆಲ್ಲ ಬಂದು ನೋಡುತ್ತೆ.

ಜಿಲ್ಲಾ ಪಂಚಾಯ್ತಿಯವರು, ಶಿಕ್ಷಣ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಒಟ್ಟಿಗೆ ಕೂತು ತೀರ್ಮಾನ ಮಾಡ್ಬೇಕು. ಈ ಬೇಸಿಗೆಗೆ ಎಲ್ಲ ಕಡೆ ಆಗಲಿಲ್ಲ ಅಂದ್ರೆ ತಾಲ್ಲೂಕಿಗೊಂದು ಶಾಲೆ ಆರಿಸ್ಕೊಳ್ಳಿ, ದಸರಾ ರಜೇಲಿ ಇನ್ನೂ ನಾಲ್ಕು ಕಡೆ ಮಾಡಿ. ನಮ್ಮೂರ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿಯವರ ಹತ್ರ ನಾನು ಆಗ್ಲೇ ಮಾತಾಡಿದ್ದೀನಿ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಸಾಹೇಬ್ರು ಪರ್ಮಿಷನ್ ಕೊಟ್ರೆ ಬೀಗದ ಕೈ ಕೊಡ್ತೀವಿ ಅಂದಿದ್ದಾರೆ. ಪರ್ಮಿಷನ್ ಸಿಕ್ಕಿ ಕಲಿಸಕ್ಕೆ ಒಬ್ಬರನ್ನ ಕಳಿಸಿದ್ರೆ ಸಾಕು, ಅಡುಗೆಗೆ ನಾವು ಬೀದಿ ಹೆಂಗಸರು ಸರದಿ ಮೇಲೆ ಬರ್ತೀವಿ.

ಇಂತಿ,
ಒಬ್ಬ ತಾಯಿ, ಪಾಂಡವಪುರ ತಾಲ್ಲೂಕು