ಯಾನ್ ವೆರಿಖ್ ಅವರ ವಿಚಾರವಾಗಿ ಅಪ್ಪನಿಗೆ

ಪ್ರಾಗ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ಇಲ್ಲಿಯ ಜನ ಯಾವ ನಟರನ್ನು ದೊಡ್ಡವರೆನ್ನುತ್ತಾರೆಂದು ಫೋನಿನಲ್ಲಿ ಕೇಳಿದ್ದಿರಿ. ಒಂದೆರಡು ಮಾತಿನಲ್ಲಿ ಮುಗಿಯುವ ಉತ್ತರ ಅದಲ್ಲವಾದ್ದರಿಂದ ಯಾನ್ ವೆರಿಖ್ ಅವರ ವಿಚಾರವನ್ನು ಬರೆಯುತ್ತಿದ್ದೇನೆ.

1905ರಲ್ಲಿ ಪ್ರಾಗಿನಲ್ಲೇ ಹುಟ್ಟಿದ ವೆರಿಖ್, ಕಾನೂನು ಓದುವ ವಯಸ್ಸಿನಲ್ಲಿ, ಶಾಲೆಯ ಗೆಳೆಯ ಯಿರ್ಜಿ ವೋಸ್ಕೊವೆಟ್ಸ್ ಜೊತೆ ನಗೆನಾಟಕವೊಂದನ್ನು ಬರೆದು 1927ರಲ್ಲಿ ತಾವೇ ಆಡಿದರು. ಅದು ಗೆದ್ದಿತು, ವೊಡಿಚ್ಕೋವಾ ಬೀದಿಯ ಅವರ ರಂಗಮಂದಿರ ಮುಂದೆ ಇಡೀ ದೇಶಕ್ಕೆ ಪರಿಚಿತವಾಯಿತು. ಹಾಡುಗಳಿಗೆ ರಾಗ ಹಾಕಿದವರು ಕಣ್ಣು ಬಹುಮಟ್ಟಿಗೆ ಕಾಣದ ಯಾರೊಸ್ಲಾವ್ ಯೆಜೆಕ್. ಆದರೆ ಜನ ಕಾದು ಕೂರುತ್ತಿದ್ದುದು ಅಂಕಗಳ ನಡುವಿನ ಹೊತ್ತಿಗೆ. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಗೆಳೆಯರಿಬ್ಬರೂ ಇಳಿಬಿಟ್ಟ ಪರದೆಯ ಮುಂದೆ ನಿಂತು ಅಂದಿನ ರಾಜಕೀಯವನ್ನು ಕುರಿತು ಮಾತು ಬೆಳೆಸುತ್ತಿದ್ದರು. ಮಾಸ್ಟರ್ ಹಿರಣ್ಣಯ್ಯನವರು ಕಥೆಯನ್ನು ಬದಿಗಿಟ್ಟು ಸಭಿಕರ ಕಡೆ ತಿರುಗುತ್ತಿದ್ದುದನ್ನು ಕಂಡಿರುವ ನಿಮಗೆ ಇದರ ಬಲವನ್ನು ನಾನು ವಿವರಿಸಬೇಕಾಗಿಲ್ಲ. ಗಡಿಯಾಚೆ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅವರ ನಾಟಕಗಳು ನೇರವಾಗಿ ಫ್ಯಾಸಿಸಂ ವಿರುದ್ಧ ನಿಂತವು. ಈ ದೇಶದ ಗಡಿಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದದ ಬೆನ್ನಿಗೇ, 1938ರ ನವೆಂಬರಿನಲ್ಲಿ, ರಂಗಮಂದಿರದ ಪರವಾನಗಿ ರದ್ದಾಯಿತು. ಕೆಲವೇ ವಾರಗಳಲ್ಲಿ ಮೂವರೂ ಅಮೆರಿಕ ಸೇರಿದರು. ಯೆಜೆಕ್ 1942ರ ಮೊದಲ ದಿನ ನ್ಯೂಯಾರ್ಕಿನಲ್ಲೇ ತೀರಿಕೊಂಡರು. ವೆರಿಖ್ ಮತ್ತು ವೋಸ್ಕೊವೆಟ್ಸ್ ಯುದ್ಧಕಾಲದಲ್ಲಿ ರೇಡಿಯೋ ಮೂಲಕ ತಾಯ್ನಾಡಿನ ಜನರೊಡನೆ ಮಾತಾಡಿದರು.

ಯುದ್ಧ ಮುಗಿದು ಇಬ್ಬರೂ ಮರಳಿದರೂ, ಕಮ್ಯುನಿಸ್ಟರು ಅಧಿಕಾರ ಹಿಡಿದ 1948ರಲ್ಲಿ ವೋಸ್ಕೊವೆಟ್ಸ್ ಮತ್ತೆ ದೇಶ ಬಿಟ್ಟರು, ವೆರಿಖ್ ಉಳಿದರು. ಮೂರು ವರ್ಷದ ಬಳಿಕ ತೆರೆಗೆ ಬಂದ ಬಣ್ಣದ ಚಿತ್ರವೊಂದರಲ್ಲಿ ಅವರು ಚಕ್ರವರ್ತಿ ಎರಡನೆಯ ರುಡಾಲ್ಫ್ ಆಗಿಯೂ ಅವನನ್ನೇ ಹೋಲುವ ಬೇಕರಿ ಕೆಲಸಗಾರನಾಗಿಯೂ ನಟಿಸಿದ್ದಾರೆ. ಇಲ್ಲಿಯವರು ಮೊದಲು ಹೆಸರಿಸುವುದು ಅದನ್ನೇ. ನನಗೆ ಮಾತ್ರ, ಐವತ್ತರ ದಶಕದಲ್ಲಿ ಅವರು ಅದೇ ವೊಡಿಚ್ಕೋವಾ ಬೀದಿಯ ರಂಗಕ್ಕೆ ಹಿಂತಿರುಗಿ, ಮಿರೊಸ್ಲಾವ್ ಹೊರ್ನೀಚೆಕ್ ಎಂಬ ಹೊಸ ಜೊತೆಗಾರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಾತಿಗೆ ಕಾವಲಿದ್ದ ಕಾಲದಲ್ಲೂ ಪರದೆಯ ಮುಂದಿನ ಆ ಮಾತುಕತೆಯನ್ನು ಮತ್ತೆ ಆರಂಭಿಸಿದ್ದು ಹೆಚ್ಚಿನದೆನಿಸುತ್ತದೆ. ಎದುರು ನಿಂತು ಮಾತು ಎತ್ತಿಕೊಡುವ ಗೆಳೆಯನನ್ನು ಕಳೆದುಕೊಂಡ ಹಾಸ್ಯನಟನಿಗೆ ಅದು ಸಣ್ಣ ಧೈರ್ಯವಲ್ಲ.

ಹಳೆಯ ಗೆಳೆಯರು ಸಾಗರದ ಆಚೀಚೆಯಿಂದ ಪತ್ರ ಬರೆದುಕೊಳ್ಳುತ್ತಲೇ ಇದ್ದರು. ವೋಸ್ಕೊವೆಟ್ಸ್ ಅಮೆರಿಕದಲ್ಲೂ ನಟರಾಗಿಯೇ ಬಾಳಿದರು. ವೆರಿಖ್ 1980ರ ಅಕ್ಟೋಬರಿನಲ್ಲಿ ತೀರಿಕೊಂಡರು, ವೋಸ್ಕೊವೆಟ್ಸ್ ಮುಂದಿನ ಜುಲೈನಲ್ಲಿ. ಆ ಪತ್ರಗಳು ಅಚ್ಚಾಗಿವೆ. ನನ್ನ ಚೆಕ್ ಭಾಷೆ ಇನ್ನಷ್ಟು ಪಳಗಿದ ಮೇಲೆ ಅವುಗಳಲ್ಲಿ ಕೆಲವನ್ನು ನಿಮಗಾಗಿ ಕನ್ನಡಕ್ಕೆ ತಂದು ಕಳುಹಿಸುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು